ಮಗುಚಿ ಬಿದ್ದದ್ದು

ಮಗುಚಿ ಬಿದ್ದದ್ದನ್ನು ಕಂಡರೆ ಚಂದ್ರಪ್ರಭಾಳಿಗೆ ಮುಂದೆ ಹೆಜ್ಜೆ ಬರುತ್ತಿರಲಿಲ್ಲ. ಹೊಸ್ತಿಲ ಬಳಿ ಚಪ್ಪಲಿ ಬೋರಲಾದರೆ ಮನೆಯಲ್ಲಿ ಜಗಳ ಹುಟ್ಟುತ್ತದೆಂದು ನಮ್ಮ ಕಡೆ ನೆಟ್ಟಗಿಡುತ್ತೇವಲ್ಲ, ಇವಳು ಪರದೇಶದ ಈ ವೂರ್‌ಬರ್ಗ್‌ನ ನಮ್ಮ ಕಟ್ಟಡದ ಬಾಗಿಲು ಬಾಗಿಲಿನ ಜೋಡುಗಳನ್ನೂ, ಗಾಳಿಗೆ ಉರುಳಿದ ಪರರ ಸೈಕಲ್ಲುಗಳನ್ನೂ ನೆಟ್ಟಗೆ ಮಾಡಿಯೇ ಟ್ರಾಮ್ ಹಿಡಿಯುವವಳು. ಎಡಭುಜ ತುಸು ಇಳಿಬಿಟ್ಟು, ಏನೋ ಕಳೆದುಕೊಂಡವಳಂತೆ ನೆಲ ನೋಡುತ್ತ ನಡೆಯುವ ನಡಿಗೆ ಅವಳದು.

ಧಾರವಾಡದ ಈ ಹುಡುಗಿ ಓದುವ ಕಾಲಕ್ಕೆ ಒಡಿಶಾದ ಕಡಲದಂಡೆಯಲ್ಲಿ ಎರಡು ವರ್ಷ, ಕುದುರೆಲಾಳದಂಥ ಚಿಪ್ಪಿನ ಲಾಳದ ಏಡಿಗಳನ್ನು ಎಣಿಸಿದ್ದಳು. ಹುಣ್ಣಿಮೆ, ಅಮಾವಾಸ್ಯೆಗಳ ಭರತಕ್ಕೆ ಹೆಣ್ಣು ಏಡಿ, ಬೆನ್ನಿಗೆ ಗಂಡನ್ನು ಅಂಟಿಸಿಕೊಂಡು ದಡಕ್ಕೆ ಬಂದು, ಮರಳು ಕೆದರಿ ಮೊಟ್ಟೆ ಇಡುತ್ತದೆ. ಅಲೆ ಹೊಡೆದು ಅಂಗಾತ ಬಿದ್ದದ್ದನ್ನು ಬಿಸಿಲೇರುವ ಮುಂಚೆ ಯಾರೂ ತಿರುಗಿಸದಿದ್ದರೆ ಅಲ್ಲೇ ಒಣಗಿ ಸಾಯುತ್ತದೆ.

"ಅದರ ಮೊಟ್ಟಿ ತಿಂದs ಎಷ್ಟೋ ಹಕ್ಕಿ ಸಮುದ್ರ ದಾಟತಾವ್ರಿ ಕಾಕಾ."

"ಎಷ್ಟು ಏಡಿ ತಿರುಗಿಸಿದಿ ತಂಗಿ?" ಎಂದು ಕೇಳಿದೆ.

"ನಿಮಗ ಎಷ್ಟು ವರ್ಷ ಆಗ್ಯಾವೋ ಅಷ್ಟು. ದಿನಾ ಮುಂಜಾನೆ!"

ಮಗನ ಮನೆಗೆ ಮೂರು ತಿಂಗಳಿಗೆಂದು ಬಂದು, ಕೊರೋನಾದಿಂದ ವಿಮಾನ ನಿಂತು, ವರ್ಷವೇ ಕಳೆದಿದ್ದವನು ನಾನು. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟರೂ ಓದು ಬಿಡದವನು. ನನ್ನನ್ನು ಬೆಚ್ಚಿಬೀಳಿಸುವ ಸಂಗತಿ ಇನ್ನು ಉಳಿದಿಲ್ಲವೆಂದು ನಂಬಿದ್ದೆ. ೨೦೨೧ರ ಮಾರ್ಚಿನ ಒಂದು ಸಂಜೆ ಅವಳ ಬಾಗಿಲಲ್ಲಿ ಅವಳದೇ ಬೂಟು ಬೋರಲಾಗಿ ಬಿದ್ದಿತ್ತು. ಅದನ್ನು ನೆಟ್ಟಗಿಟ್ಟು ಬಾಗಿಲು ಬಡಿದೆ. ತೆರೆದವಳು ನಡೆದದ್ದನ್ನು ಹೇಳಿದಳು.

ಲಸಿಕೆಯ ಗಡಿಬಿಡಿಯಲ್ಲಿ, ಅವಳು ನೌಕರಿಗಿದ್ದ ಔಷಧ ಕಂಪನಿಯವರು ಅವಳನ್ನು ಶುದ್ಧತೆ ಪರೀಕ್ಷಿಸುವ ವಿಭಾಗಕ್ಕೆ ಹಾಕಿದ್ದರು. ಲಸಿಕೆಯಲ್ಲಿ ನಂಜು ಉಳಿದಿದೆಯೇ ಎಂದು ನೋಡುವ ದ್ರವವನ್ನು ಲಾಳದ ಏಡಿಯ ನೀಲಿ ರಕ್ತದಿಂದಲೇ ಮಾಡುತ್ತಾರೆ: ಏಡಿಗಳನ್ನು ಸಾಲಾಗಿ ಬಿಗಿದು, ಗುಂಡಿಗೆಗೆ ಸೂಜಿ ಚುಚ್ಚಿ, ರಕ್ತ ಇಳಿಸಿ, ಮತ್ತೆ ಕಡಲಿಗೆ ಬಿಡುವುದು. ಎಷ್ಟೋ ಬದುಕುವುದಿಲ್ಲ.

"ಓದಿ ಗೊತ್ತಿತ್ರಿ ಕಾಕಾ," ಎಂದು ಅಂಗೈ ನೋಡಿಕೊಂಡಳು. "ಕೈಗೆ ಗೊತ್ತಿರಲಿಲ್ಲ."

ಮುಂದಿನ ವಾರ ಲಸಿಕೆಯ ಸೂಜಿಗೆ ನನ್ನ ಸರದಿ. "ನನಗ ಅದು ಬ್ಯಾಡ. ಇರುವಿ ಸಾಲು ಕಂಡ್ರ ತುಳೀದs ದಾಟಿ ಹೋಗೋ ಮಂದಿ ನಾವು," ಎಂದೆ.

ಅವಳು ಸರಕ್ಕನೆ ತಿರುಗಿದಳು. "ಅದು ರಕ್ತ ಕೊಟ್ಟದ್ದು ನೀವು ಮಡಿ ಮಾಡ್ಕೊಂತ ಕುಂಡ್ರಲಿ ಅಂತೇನ್ರಿ? ಸುಮ್ನ ಹಾಕ್ಸಿಕೊಳ್ರಿ. ಜಗಳ ನಾ ಆಡತೀನಿ."

ನಾನು ತೋಳೊಡ್ಡಿದೆ. ಅವಳು ಜಗಳವಾಡಿದಳು. ಏಡಿಯ ರಕ್ತವಿಲ್ಲದೆ ತಯಾರಾಗುವ ಬದಲಿ ದ್ರವವಿದೆ, ಅದನ್ನು ತರಿಸಿ ಎಂದು ಮೇಲಿನವರಿಗೆ ವಾರಕ್ಕೊಂದು ಪತ್ರ. ಈ ದೇಶದಲ್ಲಿ ಇರಲು ಅವಳಿಗಿದ್ದ ಪರವಾನಗಿ ಅದೇ ನೌಕರಿಗೆ ಗಂಟುಬಿದ್ದಿದೆಯೆಂದು ತಿಳಿದೂ. ಹಗಲೆಲ್ಲ ಅದೇ ರಕ್ತದಿಂದ ಪರೀಕ್ಷೆ, ಸಂಜೆ ಅದರ ವಿರುದ್ಧ ಪತ್ರ. ಆರನೆಯದಕ್ಕೆ ಅವರು ಬಗ್ಗಿದರು: ಕಾರ್ಖಾನೆಯ ನೀರಿನ ಪರೀಕ್ಷೆಗೆ ಬದಲಿ, ಲಸಿಕೆಗೆ ಹಳೆಯದೇ. ಅವಳು ಏಳನೆಯದನ್ನು ಬರೆಯತೊಡಗಿದಳು.

ಇಂಥವರಿಂದ ಲೋಕ ಮಗುಚುವುದು ನಿಲ್ಲುವುದಿಲ್ಲ. ಇವರ ಕೈಗಳೂ ಶುದ್ಧವಾಗಿ ಉಳಿಯುವುದಿಲ್ಲ. ಮಡಿಯೆಂದು ಬೀಗುವವನು ದಾಟಿ ಹೋಗುತ್ತಾನೆ, ಇವರು ಬಿದ್ದದ್ದನ್ನು ನೆಟ್ಟಗಿಡಲು ಬಾಗುತ್ತಾರೆ.