ಮೇಡಂ ಕೇಳಿದ ಗ್ರೇಸ್ ಮಾರ್ಕ್ಸ್

ಬಿಎಸ್ಸಿಯಲ್ಲಿ ತಿಣುಕಾಡಿ ಪಾಸಾದ ಹರಿತಾಳಿಗೆ ವಿದೇಶದ ಮೆಡಿಕಲ್ ಕಾಲೇಜು ಸೇರುವ ಹುಚ್ಚು. ಅಂಕ ಕಡಿಮೆಯಿದ್ದವರು ಸಮಾಜಸೇವೆಯನ್ನಾದರೂ ತೋರಿಸಬೇಕಂತೆ, ಜೊತೆಗೆ ಕಲಿಸಿದವರ ಶಿಫಾರಸು ಪತ್ರವೂ ಬೇಕಂತೆ. ಸರಿ, ಮೇಲೂರಿನ ಅರಳಿಕಟ್ಟೆಯಲ್ಲಿ ಕೂತು ಬಂದವರಿಗೆಲ್ಲ ಪುಕ್ಕಟೆ ಬಿಪಿ ನೋಡತೊಡಗಿದಳು.

ಒಂದು ದಿನ ಅವಳಿಗೆ ಜೂವಾಲಜಿ ಕಲಿಸಿದ್ದ ಕಮಲಮ್ಮ ಮೇಡಂ ಬಂದರು. ಅವಳು ಪತ್ರ ಕೇಳಿದ್ದೂ ಇವರನ್ನೇ. ಬಿಪಿ ನೂರ ಎಪ್ಪತ್ತು ಬಂತು.

“ನೂರ ಮೂವತ್ತು ಅಂತ ಬರ್ಕೊಡಮ್ಮ. ಇಲ್ದಿದ್ರೆ ಸೊಸೆ ಉಪ್ಪಿನಕಾಯಿ ನಿಲ್ಲಿಸ್ಬಿಡ್ತಾಳೆ.”

ಹರಿತಾಳಿಗೆ ಮೈಯೆಲ್ಲ ಉರಿಯಿತು. “ನಾನು ಎರಡು ಮಾರ್ಕ್ಸ್ ಕೇಳ್ದಾಗ, ಬಂದಿದ್ದಷ್ಟೇ ಹಾಕೋದು ಅಂದಿದ್ರಲ್ಲ ಮೇಡಂ?” ಎಂದು ನೂರ ಎಪ್ಪತ್ತನ್ನೇ ಬರೆದುಕೊಟ್ಟಳು. ಪತ್ರ ಕೈತಪ್ಪಿತು ಎಂದುಕೊಂಡಳು.

ಮರುದಿನ ಮೇಡಂ ಸಿಡುಕುತ್ತಲೇ ಪತ್ರ ಕೊಟ್ಟರು. “ಜೂವಾಲಜಿ ನಿನ್ ತಲೆಗೆ ಹತ್ತಲಿಲ್ಲ ಅಂತಾನೇ ಬರ್ದಿದೀನಿ ಕಣೇ. ಸುಳ್ಳು ಬರೆಯೋದೂ ಹತ್ತಲಿಲ್ಲ ಅಂತ ಕೆಳಗೆ ಸೇರ್ಸಿದೀನಿ.”