ಕೊಕ್ಕರೆ ಕಾಲಿನ ಗುರುತು

ಪಾದ್ರಿಗಳು ಚಾಚಿದ ಸಲಿಕೆಯನ್ನು ಗೇಸಿನೆ ತೆಗೆದುಕೊಳ್ಳಲಿಲ್ಲ. ಕೋಟಿನ ಜೇಬಿನಿಂದ ಕೈ ತೆಗೆಯದೆ ಅರ್ಧ ಹೆಜ್ಜೆ ಸರಿದು, ಹಿಂದಿದ್ದ ಸೋದರತ್ತೆ ತಾಲ್ಕೆಗೆ ಜಾಗ ಬಿಟ್ಟಳು. ತಾಲ್ಕೆ ಅವಳ ಮುಖವನ್ನೊಮ್ಮೆ ನೋಡಿದರು. ಅಣ್ಣನ ಶವಪೆಟ್ಟಿಗೆಯ ಮೇಲೆ ಮೂರು ಸಲ ಮಣ್ಣು ಹಾಕಿ, ಸಲಿಕೆಯನ್ನು ಮುಂದಿನವರಿಗೆ ಕೊಟ್ಟರು.

ಅದು ಸತ್ತವನದೇ ಸಲಿಕೆ. ರೈಲು ಹಳಿಯ ಗ್ಯಾಂಗಿನಲ್ಲಿ ದುಡಿದವನಿಗೆ ಅವನ ಸಲಿಕೆಯಿಂದಲೇ ಮಣ್ಣು ಕೊಡುವುದು ಆ ಗ್ಯಾಂಗಿನವರ ಪದ್ಧತಿ. ಅವಳ ಅಪ್ಪ ಹಾರ್ಮ್ ನಲವತ್ತು ವರ್ಷ ಉತ್ತರ ಜರ್ಮನಿಯ ಲೇರ್ ಊರಿನ ಸುತ್ತಮುತ್ತ ಹಳಿಯ ಕೆಳಗೆ ಜಲ್ಲಿ ತುಂಬಿದವನು. ಜೊತೆಗೆ ದುಡಿದ ಫೋಕೊ, ಎಂಬತ್ತರ ಮುದುಕ, ಅದನ್ನು ಹೆಗಲ ಮೇಲೆ ಹೊತ್ತು ಮಂಜಿನಲ್ಲಿ ನಡೆದುಕೊಂಡೇ ಬಂದಿದ್ದ. ಶವದ ವ್ಯಾನು ಸ್ಮಶಾನದ ಗೇಟಿಗೆ ಬಂದಾಗ ಗಡಿಯಾರ ನೋಡಿ, "ಹನ್ನೆರಡು ನಿಮಿಷ ಲೇಟು. ಹಾರ್ಮ್‌ಗೆ ಜೀವಮಾನದಲ್ಲಿ ಇದೇ ಮೊದಲು," ಎಂದಿದ್ದ.

"ಇವತ್ತು ಅವರು ತಾವಾಗಿ ಬರಲಿಲ್ವಲ್ಲ, ಕರ್ಕೊಂಡು ಬಂದ ಡ್ರೈವರ್ ಬೇರೆಯವನಲ್ವಾ," ಎಂದಿದ್ದಳು ಪಕ್ಕದ ಮನೆಯ ಹೆಂಗಸು.

ಗೇಸಿನೆಗೆ ನಗು ಬರಲಿಲ್ಲ, ಅಳುವೂ ಬರಲಿಲ್ಲ. ಬೆಳಿಗ್ಗೆ ಬ್ರೆಮೆನ್‌ನಿಂದ ಬರುವಾಗ ರೈಲಿನಲ್ಲಿ ಅಳುವಿಗಾಗಿ ಕಾದು ನೋಡಿದ್ದಳು. ಮನಸ್ಸಿಲ್ಲದ ಮಣ್ಣು ಹಾಕುವುದಕ್ಕಿಂತ ಹಾಕದಿರುವುದೇ ಮೇಲು ಅನ್ನಿಸಿತ್ತು.

*

ಅವಳಿಗೆ ಎರಡು ತುಂಬುವ ಮೊದಲೇ ತಾಯಿ ತೀರಿಕೊಂಡಳು. ಅಪ್ಪನದು ಹೊತ್ತು ಗೊತ್ತಿಲ್ಲದ ಕೆಲಸ. ತಲೆ ಬಾಚಿದ್ದು, ಉಣಿಸಿದ್ದು, ಜ್ವರ ಬಂದಾಗ ಎದೆಗೆ ಒರಗಿಸಿಕೊಂಡದ್ದು ಅಪ್ಪನ ಅಪ್ಪ, ಅಜ್ಜ ವಿಬ್ಬೊ. ಅಜ್ಜನೂ ಹಳಿ ಹಾಕಿದವನೇ. ಅವನ ಕಾಲದಲ್ಲಿ ತಾವು ಹಳಿಯಡಿ ಕೂರಿಸಿದ ಮರದ ಸ್ಲೀಪರಿನ ತುದಿಗೆ ಬಾಚಿಯಿಂದ ಗುರುತು ಕೆತ್ತುವುದು ಮೇಸ್ತ್ರಿಗಳ ಹೆಮ್ಮೆ. ಅಜ್ಜನದು ಮೂರು ಗೀರು, ಕೊಕ್ಕರೆಯ ಕಾಲು. ಮಗನಿಗೆ ಮಾಡಿಕೊಟ್ಟ ಸಲಿಕೆಯ ಕಾವಿನ ಮೇಲೆ ಅದೇ, ಬ್ರೆಡ್ಡು ಕೊಯ್ಯುವ ಹಲಗೆಯ ಮೇಲೆ ಅದೇ, ಮೊಮ್ಮಗಳಿಗೆಂದು ಮಾಡಿಕೊಟ್ಟ ಪುಟ್ಟ ಸ್ಟೂಲಿನ ಮೇಲೂ ಅದೇ. "ಯುದ್ಧದಲ್ಲಿ ನೀನೇನು ಮಾಡ್ತಿದ್ದೆ ಅಜ್ಜ?" ಎಂದರೆ, "ಪೂರ್ವದ ಕಡೆ ಮರದ ಮಿಲ್ಲಿಗೆ ಹಳಿ ಹಾಕ್ತಿದ್ದೆ ಪುಟ್ಟಿ," ಎನ್ನುತ್ತಿದ್ದ.

ಬರ್ಲಿನ್ ಗೋಡೆ ಬಿದ್ದ ಮೇಲಿನ ಎರಡನೆಯ ಬೇಸಿಗೆ. ಅವಳಿಗೆ ಹದಿನೈದು. ರೈಲ್ವೆಯ ಪುಕ್ಕಟೆ ಪಾಸಿನಲ್ಲಿ ಅಪ್ಪ ಮಗಳು ಪ್ರತಿವರ್ಷ ಹತ್ತು ದಿನ ಸುತ್ತುತ್ತಿದ್ದರು. ಆ ವರ್ಷ ಪೋಲೆಂಡಿಗೆ ಹೋದರು. ಬೇರೆಯವರು ಕಿಟಕಿಯಲ್ಲಿ ಬೆಟ್ಟ ನೋಡಿದರೆ ಹಾರ್ಮ್ ಪಕ್ಕದ ಹಳಿ ನೋಡುತ್ತಿದ್ದ. ಯುದ್ಧಕಾಲದಲ್ಲಿ ನಾಜಿಗಳ ಯಾತನಾ ಶಿಬಿರವಿದ್ದ ಒಂದು ಕಾಡಿನ ಸ್ಟೇಷನ್ನಿನಲ್ಲಿ ಇಳಿಯಲೇಬೇಕೆಂದು ಹಟ ಹಿಡಿದದ್ದು ಗೇಸಿನೆ. ಶಾಲೆಯಲ್ಲಿ ಅದರ ಪಾಠವಾಗಿತ್ತು.

ಕೈದಿಗಳ ಬ್ಯಾರಕ್ಕುಗಳ ಸಾಲು ಮುಗಿದಲ್ಲಿ ಹಳಿಯೂ ಮುಗಿಯುತ್ತಿತ್ತು. ಜನ ಟೋಪಿ ತೆಗೆದು ನಿಂತಿದ್ದರು. ಮುದುಕಿಯೊಬ್ಬಳು ಹಳಿಯ ಮಧ್ಯೆ ಹೂವಿಟ್ಟು ಬಗ್ಗಿದ್ದಳು. ಆಗ ಹಾರ್ಮ್, ದಿನಾ ಕೆಲಸದಲ್ಲಿ ಹೇಳುವ ಹಾಗೆಯೇ, ಗಟ್ಟಿ ದನಿಯಲ್ಲಿ ಹೇಳಿದ:

"ಎಷ್ಟು ಚೆನ್ನಾಗಿ ಕೂರಿಸಿದಾರೆ ನೋಡು. ಐವತ್ತು ವರ್ಷ ಆಯ್ತು, ಕೂದಲೆಳೆಯಷ್ಟೂ ಜರುಗಿಲ್ಲ."

ಮುದುಕಿ ತಿರುಗಿದಳು. ಅವಳಿಗೆ ಜರ್ಮನ್ ಬರುತ್ತಿತ್ತು. ಹಾರ್ಮ್ ಅವಳನ್ನು ಗಮನಿಸಲೇ ಇಲ್ಲ. ಮಂಡಿಯೂರಿ ಒಂದು ಸ್ಲೀಪರಿನ ತುದಿಯ ಹುಲ್ಲು ಸರಿಸಿ, ಮರವನ್ನು ಬೆರಳಿನಿಂದ ಸವರಿದ. ಎಷ್ಟೋ ಹೊತ್ತು ಸವರುತ್ತಲೇ ಇದ್ದ.

"ಏಳಪ್ಪ," ಎಂದಳು ಗೇಸಿನೆ. ಕಿವಿಯವರೆಗೆ ಮುಖ ಉರಿಯುತ್ತಿತ್ತು. "ಜನ ನೋಡ್ತಿದಾರೆ. ನೀನು ಮನುಷ್ಯನೇನಪ್ಪ?"

ಅವನು ಎದ್ದ. ಉಳಿದ ಆರು ದಿನದ ಪಾಸನ್ನು ಹಾಗೇ ಬಿಟ್ಟು ಊರಿಗೆ ಕರೆದುಕೊಂಡು ಬಂದ. ಆಮೇಲೆ ಅಪ್ಪ ಮಗಳು ರೈಲಿನಲ್ಲಿ ಜೊತೆಯಾಗಿ ಎಲ್ಲಿಗೂ ಹೋಗಲಿಲ್ಲ. ಅವಳು ಹತ್ತೊಂಬತ್ತಕ್ಕೆ ಮನೆ ಬಿಟ್ಟಳು, ಕ್ರಿಸ್ಮಸ್ಸಿಗೆ ಒಂದು ದಿನ ಬಂದು ಹೋಗುವಳು. ಆ ಪ್ರಶ್ನೆಯನ್ನು ಹಿಂದಕ್ಕೆ ತೆಗೆದುಕೊಳ್ಳಲೂ ಇಲ್ಲ, ಅವನು ಅದಕ್ಕೆ ಉತ್ತರ ಹೇಳಲೂ ಇಲ್ಲ.

*

ಮಣ್ಣಾದ ಮೇಲೆ ಚರ್ಚಿನ ಹಾಲ್‌ನಲ್ಲಿ ಚಹಾ, ಬೆಣ್ಣೆ ಕೇಕು. ಕಪ್ಪಿನಲ್ಲಿ ಕಲ್ಲುಸಕ್ಕರೆ ಚಟಚಟ ಎಂದಿತು. ಗೇಸಿನೆ ಕೆಟಲ್ ಹಿಡಿದು ಎಲ್ಲರಿಗೂ ಬಗ್ಗಿಸುತ್ತ ಬಂದಳು. ಸಾಕೆನ್ನುವವರು ಚಮಚವನ್ನು ಕಪ್ಪಿನೊಳಗಿಡಬೇಕು. ಫೋಕೊ ಮೂರು ಕಪ್ಪು ಮುಗಿಸಿಯೂ ಚಮಚ ಇಟ್ಟಿರಲಿಲ್ಲ.

"ಮೂರು ನಮ್ಮೂರಿನ ಹಕ್ಕು ಫೋಕೊ ಮಾಮ. ನಾಲ್ಕನೇದು ದುರಾಸೆ."

"ದುರಾಸೆ ಅಲ್ಲ ಕಣೆ, ಹೆದರಿಕೆ. ಚಮಚ ಇಟ್ರೆ ನೀನು ಮುಂದಿನ ಟೇಬಲ್ಲಿಗೆ ಹೋಗ್ತೀಯ. ಕೂತ್ಕೋ." ಕುರ್ಚಿ ಎಳೆದ. "ಸಲಿಕೆ ಯಾಕೆ ಹಿಡೀಲಿಲ್ಲ?"

"ನಿಮಗೆ ಗೊತ್ತಿಲ್ಲ ಮಾಮ. ಒಂದ್ಸಲ ಪೋಲೆಂಡಿಗೆ ಹೋದಾಗ…"

"ಗೊತ್ತು. ವಾಪಸ್ ಬಂದ ದಿನವೇ ಹಾರ್ಮ್ ನನ್ನ ಶೆಡ್ಡಿಗೆ ಬಂದ. ಅವನು ಅತ್ತಿದ್ದನ್ನ ನಾನು ನೋಡಿದ್ದು ಎರಡೇ ಸಲ. ನಿಮ್ಮಮ್ಮ ಹೋದಾಗ, ಮತ್ತೆ ಅವತ್ತು."

ಗೇಸಿನೆ ಕೆಟಲನ್ನು ಮೇಜಿನ ಮೇಲಿಟ್ಟಳು.

"ಆ ಸ್ಲೀಪರ್ ತುದೀಲಿ ಏನಿತ್ತು ಅಂತ ನೀನು ನೋಡಿದ್ಯಾ?"

"ಇಲ್ಲ."

"ಕೊಕ್ಕರೆ ಕಾಲು."

ಪಕ್ಕದ ಟೇಬಲ್ಲಿನಲ್ಲಿ ಯಾರೋ ಕೇಕು ದಾಟಿಸುತ್ತಿದ್ದರು. ಗೇಸಿನೆ ಅವರ ಕೈಗಳನ್ನೇ ನೋಡುತ್ತ ಕುಳಿತಳು. ಬ್ರೆಮೆನ್‌ನ ಬಚ್ಚಲುಮನೆಯಲ್ಲಿ ಅಜ್ಜ ಮಾಡಿಕೊಟ್ಟ ಆ ಸ್ಟೂಲಿನ ಮೇಲೆ ನಿಂತು ಅವಳ ಕಿರಿಯ ಮಗಳು ಹಲ್ಲುಜ್ಜುತ್ತಾಳೆ.

"ಹೊಗಳಿದ ಮೇಲೆ ಗುರುತು ಕಂಡದ್ದು," ಎಂದ ಫೋಕೊ. "ಅದೇ ಅವನನ್ನ ಕೊರೀತಿದ್ದದ್ದು. ಯಾರ ಕೆಲಸ ಅಂತ ಗೊತ್ತಿಲ್ದೆ ಬಾಯ್ತುಂಬ ಹೊಗಳಿಬಿಟ್ಟೆ ಅಂತಿದ್ದ. ಒಂದೇ ಸಲ ನಿಮ್ಮಜ್ಜನ್ನ ಕೇಳಿದ. ಮುದುಕ ಹೇಳಿದ್ದಿಷ್ಟೇ: ಹಾಕು ಅಂದ್ರು, ಹಾಕ್ದೆ."

"ನನಗ್ಯಾಕೆ ಹೇಳಲಿಲ್ಲ?" ದನಿ ತನ್ನದಲ್ಲ ಅನ್ನಿಸಿತು ಅವಳಿಗೆ. "ಅಜ್ಜ ಹೋದ ಮೇಲಾದ್ರೂ ಹೇಳಬಹುದಿತ್ತಲ್ಲ. ನಾನು ಅಷ್ಟು ವರ್ಷ…"

"ನಾನೂ ಬೈದೆ. ಹೇಳೋ ಮೂರ್ಖ, ಮಗಳು ಕೈತಪ್ಪಿ ಹೋಗ್ತಿದಾಳೆ ಅಂದೆ. ಏನಂದ ಗೊತ್ತಾ? ಅವಳಿಗೆ ತಾಯಿ ಅಂತ ಇರೋದು ಅಜ್ಜ ಒಬ್ಬನೇ, ಅದನ್ನೂ ಕಿತ್ಕೊಳ್ಳಲಾ? ದ್ವೇಷಿಸೋದಾದ್ರೆ ನನ್ನನ್ನೇ ದ್ವೇಷಿಸಲಿ, ನಾನು ಹೇಗೂ ಮನೇಲಿರೋನಲ್ಲ ಅಂದ. ಆಮೇಲೆ ಆಮೇಲೆ ಅಭ್ಯಾಸವೇ ಆಗೋಯ್ತು. ಅವನಿಗೂ, ನಿನಗೂ."

ಫೋಕೊ ಚಮಚವನ್ನು ಕಪ್ಪಿನೊಳಗಿಟ್ಟ.

*

ಕೋಟು ಮರೆತು ಅವಳು ಸ್ಮಶಾನಕ್ಕೆ ಬಂದಾಗ ನೆರೆಮನೆಯ ಗಂಡಸರಿಬ್ಬರು ಗುಂಡಿ ಮುಚ್ಚುತ್ತಿದ್ದರು. ಅರ್ಧ ತುಂಬಿತ್ತು. ಹಾರ್ಮ್‌ನ ಸಲಿಕೆ ಪಕ್ಕದ ಮಣ್ಣಿನ ರಾಶಿಯಲ್ಲಿ ಒಂಟಿಯಾಗಿ ನೆಟ್ಟಿತ್ತು.

"ಒಳಗೆ ಹೋಗಮ್ಮ, ಚಳಿ ಇದೆ," ಎಂದ ಒಬ್ಬ. "ನಾವು ಮುಗಿಸ್ತೀವಿ."

"ಒಂದು ನಿಮಿಷ ತಡೀರಿ."

ಅವರು ಹಿಂದೆ ಸರಿದು ನಿಂತರು. ಗೇಸಿನೆ ಕಾವನ್ನು ಎರಡೂ ಕೈಯಿಂದ ಹಿಡಿದಳು. ನಲವತ್ತು ವರ್ಷದ ಹಿಡಿತಕ್ಕೆ ಮರ ಗಾಜಿನಂತೆ ನುಣುಪಾಗಿತ್ತು. ಅಜ್ಜನ ಗುರುತು ಇರಬೇಕಾದ ಜಾಗಕ್ಕೆ ಬಂದಾಗ ಹೆಬ್ಬೆರಳು ತಗ್ಗಿನಲ್ಲಿ ಇಳಿಯಿತು. ಗೀರುಗಳಿರಲಿಲ್ಲ. ಚಾಕುವಿನಿಂದ ಹೆರೆದು ಹೆರೆದು, ಕಾವು ಇನ್ನೇನು ಮುರಿಯಬೇಕು ಅನ್ನುವಷ್ಟು ಆಳಕ್ಕೆ ಯಾರೋ ಮರವನ್ನು ತೆಗೆದಿದ್ದರು. ಆ ತಗ್ಗಿನ ಅಂಚುಗಳೂ ಸವೆದು ನುಣುಪಾಗಿದ್ದವು, ದಿನಾ ಅಪ್ಪನ ಹೆಬ್ಬೆರಳು ಅಲ್ಲೇ ಕುಳಿತು ಕೆಲಸ ಮಾಡಿದ ಹಾಗೆ.

ಅವಳ ಹೆಬ್ಬೆರಳಿಗೆ ಆ ತಗ್ಗು ಸ್ವಲ್ಪ ದೊಡ್ಡದಾಯಿತು.