ಗುಲಾಬಿ ಗುಳಿಗೆಯ ಬೆನ್ನು ಹತ್ತಿ

ಬನಹಟ್ಟಿಯ ಶಿದ್ರಾಮಪ್ಪ ನಲವತ್ತು ವರ್ಷ ಸೀರೆ ನೇಯ್ದವನು. ಈಗ ಐದು ವರ್ಷಗಳಿಂದ ಬಿಪಿ. ಸರ್ಕಾರದ ವಿಮೆ ಕಾರ್ಡು ತೋರಿಸಿದರೆ ಊರಿನ ಔಷಧಾಲಯದಲ್ಲಿ ತಿಂಗಳಿಗಾಗುವಷ್ಟು ಗುಳಿಗೆ ಪುಕ್ಕಟೆ ಸಿಗುತ್ತಿತ್ತು. ಗುಲಾಬಿ ಬಣ್ಣದ ಗುಂಡು ಗುಳಿಗೆ. ಅದನ್ನು ನುಂಗದೆ ಅವನು ಮನೆಯ ಹೊಸ್ತಿಲು ದಾಟುತ್ತಿರಲಿಲ್ಲ.

ಈ ಸಲ ಔಷಧ ಕೊಡುವ ಅನುರಾಧಾ ಬಿಳಿ ಗುಳಿಗೆ ಮುಂದಿಟ್ಟಳು.

“ಇದು ನಂದಲ್ಲ ಬಿಡವಾ.”

“ನಿಮ್ದ ಐತ್ರಿ ಕಾಕಾ. ವಿಮೆಯವರ ಯಾದಿಯೊಳಗ ಕಂಪನಿ ಬದಲಾಗೇತಿ. ಔಷಧ ಮಾತ್ರ ಮೊದಲಿನದ ಐತಿ.”

ಅವನ ಜೇಬಿನಲ್ಲಿದ್ದ ಹಳೆಯ ಖಾಲಿ ಸ್ಟ್ರಿಪ್ಪನ್ನು ಇಸಿದುಕೊಂಡು ಅವಳು ಹೊಸದರ ಪಕ್ಕದಲ್ಲಿಟ್ಟಳು. ಒಂದು ಸಾಲು ಕಂಪನಿ ಇಟ್ಟ ಹೆಸರು, ಇನ್ನೊಂದು ಔಷಧದ ಹೆಸರು ಎಂದು ಬೆರಳಿಟ್ಟು ತೋರಿಸಿದಳು. ಶಿದ್ರಾಮಪ್ಪನಿಗೆ ಇಂಗ್ಲಿಷ್ ಓದಲು ಬಾರದು. ಆದರೆ ಸೀರೆಯ ದಡಿಯಲ್ಲಿ ಒಂದು ಎಳೆ ತಪ್ಪಿದರೂ ಹಿಡಿಯುವ ಕಣ್ಣು ಅವನದು. ಔಷಧದ ಸಾಲು ಎರಡರಲ್ಲೂ ಒಂದೇ ನಮೂನೆ ಇರುವುದು ಕಂಡಿತು. ಕಂಡರೂ ಮನಸ್ಸು ಒಪ್ಪಲಿಲ್ಲ. ಗುಳಿಗೆ ಮನೆಗೆ ತಂದು ಗೋಡೆಯ ಗೂಡಿನಲ್ಲಿಟ್ಟು, ಐದು ದಿನ ಒಂದನ್ನೂ ನುಂಗಲಿಲ್ಲ.

ಆರನೆಯ ದಿನ ಅನಗವಾಡಿಯಿಂದ ಅಕ್ಕ ಇಂದ್ರವ್ವನ ಫೋನು ಬಂತು. ಅವಳಿಗೂ ಬಿಪಿ, ಅವಳದೂ ಅದೇ ಕಾರ್ಡು. ಮಾತಿನ ನಡುವೆ ತಿಳಿಯಿತು, ಅವಳ ಹತ್ತಿರ ಗುಲಾಬಿ ಗುಳಿಗೆ ಇನ್ನೂ ಇವೆ.

“ಹಂಗಾರ ನನ್ನ ಬಿಳೇವು ನೀ ತೊಗೋ, ನಿನ್ನವು ನನಗ ಕೊಡು. ನಾಳಿ ಬರ್ತೇನಿ,” ಎಂದ.

ಮರುದಿನ ಬೆಳಿಗ್ಗೆಯೇ ಹೊರಟ. ಜಮಖಂಡಿಯಲ್ಲೊಂದು ಬಸ್ಸು ಬದಲಿಸಿ, ಬೀಳಗಿಯಲ್ಲೊಂದು ಬದಲಿಸಿ ಅನಗವಾಡಿ ಮುಟ್ಟುವ ಹೊತ್ತಿಗೆ ಅವನ ಅಂಗಿ ಬೆವರಿನಿಂದ ಬೆನ್ನಿಗೆ ಅಂಟಿತ್ತು. ಇಂದ್ರವ್ವ ಕಟ್ಟೆಯ ಮೇಲೆ ಗೋಡೆಗೊರಗಿ ಕುಳಿತಿದ್ದಳು. ತಮ್ಮನನ್ನು ಕಂಡು ಎದ್ದವಳು ಬಾಗಿಲು ಹಿಡಿದುಕೊಂಡಳು.

“ಯಾಕಕ್ಕಾ?”

“ಹದಿನೈದು ದಿನಾ ಆತು, ಎದ್ರ ತಲಿ ತಿರಗತೈತಿ. ಕಾಲೂ ಬಾತಾವು. ವಯಸ್ಸಾತಲ್ಲೋ ತಮ್ಮಾ.”

ರೊಟ್ಟಿ ತಿಂದಾದ ಮೇಲೆ ಅವಳು ಗುಳಿಗೆಯ ಡಬ್ಬಿ ತಂದಳು. ಅದರಲ್ಲಿ ಗುಲಾಬಿ ಗುಳಿಗೆಯ ಜೊತೆ ಹಳದಿ ಗುಳಿಗೆಯೂ ಇದ್ದವು. ಮದುವೆಗೆಂದು ಮುಧೋಳಕ್ಕೆ ಹೋದಾಗ ಆರಾಮಿಲ್ಲದೆ ಅಲ್ಲಿಯ ಡಾಕ್ಟರಿಗೆ ತೋರಿಸಿದ್ದಳಂತೆ. ಮೊದಲೇ ಒಂದು ಗುಳಿಗೆ ನುಂಗುತ್ತಿರುವುದನ್ನು ಅವರಿಗೆ ಹೇಳಿರಲಿಲ್ಲ. ಅವರು ಬರೆದುಕೊಟ್ಟದ್ದನ್ನು ಅಂಗಡಿಯಲ್ಲಿ ಕೊಂಡು, ಅಂದಿನಿಂದ ಎರಡನ್ನೂ ತಪ್ಪದೆ ನುಂಗುತ್ತಿದ್ದಳು.

ಶಿದ್ರಾಮಪ್ಪ ಕನ್ನಡಕ ಏರಿಸಿ ಗುಲಾಬಿ, ಹಳದಿ, ತನ್ನ ಬಿಳಿ ಮೂರರ ಸ್ಟ್ರಿಪ್ಪುಗಳನ್ನೂ ಚಾಪೆಯ ಮೇಲೆ ಸಾಲಾಗಿ ಇಟ್ಟ. ಔಷಧದ ಹೆಸರನ್ನು ಅಕ್ಷರಕ್ಕೆ ಅಕ್ಷರ ಕೂಡಿಸಿ ನೋಡಿದ. ಮೂರರಲ್ಲೂ ಒಂದೇ ನಮೂನೆ. ಕೂಡಲೇ ಅನುರಾಧಾಳಿಗೆ ಫೋನು ಹಚ್ಚಿ ಕಂಡದ್ದನ್ನು ಹೇಳಿದ.

“ಕಾಕಾ, ಇನ್ನ ಒಂದೂ ಕೊಡಬ್ಯಾಡ್ರಿ. ಎಲ್ಲಾ ಸ್ಟ್ರಿಪ್ಪು ತೊಗೊಂಡು ಈಗಿಂದೀಗ ಬೀಳಗಿ ದವಾಖಾನಿಗೆ ಕರ್ಕೊಂಡ ಹೋಗ್ರಿ. ಕಾರ್ಡಿನ ಮ್ಯಾಲೆ ಕೊಟ್ಟಿದ್ದಷ್ಟ ನಮ್ಮ ಕಂಪ್ಯೂಟರಿಗೆ ಗೊತ್ತಾಕ್ಕೈತಿ. ಅಂಗಡ್ಯಾಗ ಕೊಂಡಿದ್ದು ಯಾರಿಗೂ ಕಾಣಂಗಿಲ್ಲ.”

ಬೀಳಗಿಯ ಡಾಕ್ಟರಮ್ಮ ಇಂದ್ರವ್ವನ ಬಿಪಿ ನೋಡಿದಾಗ ಅದು ತೀರ ಕೆಳಗಿಳಿದಿತ್ತು. ಒಂದೇ ಔಷಧ ಎರಡು ಪಟ್ಟು ಹೊಟ್ಟೆಗೆ ಹೋಗುತ್ತಿತ್ತು. ಹಳದಿ ಗುಳಿಗೆ ನಿಲ್ಲಿಸಿ, ಸಂಜೆಯವರೆಗೆ ಅಲ್ಲೇ ಮಲಗಿಸಿಕೊಂಡರು.

“ಛಲೋ ಹೊತ್ತಿಗೆ ತಂದ್ರಿ,” ಎಂದವರು, ಅವನ ಮುಖ ನೋಡಿ ಅವನ ತೋಳಿಗೂ ಪಟ್ಟಿ ಸುತ್ತಿದರು. ಅವನದು ಮೇಲೇರಿ ಕುಳಿತಿತ್ತು. “ಗುಳಿಗಿ ಬಿಟ್ಟೀರೇನು?”

“ಒಂದ ವಾರ ಆತ್ರಿ,” ಎಂದ ಶಿದ್ರಾಮಪ್ಪ. ಮಂಚದ ಮೇಲಿಂದ ಇಂದ್ರವ್ವ, “ಲೇ, ನನಗ ಬುದ್ಧಿ ಹೇಳಾಕ ಬಂದಿ,” ಎಂದಳು. ಅವನು ಕಿಸೆಯಿಂದ ಬಿಳಿ ಗುಳಿಗೆ ತೆಗೆದು, ನರ್ಸು ಕೊಟ್ಟ ನೀರಿನಲ್ಲಿ ನುಂಗಿಬಿಟ್ಟ.

ಎರಡು ವಾರಕ್ಕೆ ಇಂದ್ರವ್ವನ ಕಾಲಿನ ಬಾವು ಇಳಿಯಿತು. ಹೊಳೆಯ ದಂಡೆಯ ಹೊಲಕ್ಕೆ ಮೊದಲಿನಂತೆ ನಡೆದುಹೋಗತೊಡಗಿದಳು. ಬನಹಟ್ಟಿಯಲ್ಲಿ ಅನುರಾಧಾ ಈಗ ಗುಳಿಗೆ ಕೊಡುವ ಮೊದಲು, ಮನೆಯಲ್ಲಿರುವ ಬೇರೆ ಔಷಧಗಳನ್ನೂ ತಂದು ತೋರಿಸಲು ಹೇಳುತ್ತಾಳೆ. ಮಂದಿ ಗೊಣಗುತ್ತಲೇ ಚೀಲ ತುಂಬಿ ತರುತ್ತಾರೆ.